ತಂಗಿ ಸಣ್ಣಗಾಗಲು ಮಾತ್ರೆ ನುಂಗುತ್ತಿದ್ದಾಳೆ, ಬಿಡಿಸೋದು ಹೇಗೆ?

ಕೇಳಿದವರು: ಧಾರವಾಡದಿಂದ ಒಬ್ಬ ಅಕ್ಕ

ನನ್ನ ತಂಗಿಗೆ 23 ವರ್ಷ. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೋಚಿಂಗಿಗೆ ಹೋಗುತ್ತಾಳೆ. ತುಳಸಿ ಲಗ್ನ ಆದ ಮೇಲೆ ಮದುವೆ ಮಾತುಕತೆ ಇದೆ. ಯಾರೋ ಪರಿಚಯದವರಿಂದ ತೂಕ ಇಳಿಸುವ ಕ್ಯಾಪ್ಸೂಲ್ ತರಿಸಿಕೊಂಡಿದ್ದಾಳೆ. ಡಬ್ಬಿಯ ಮೇಲೆ "ಹರ್ಬಲ್" ಅಂತಷ್ಟೇ ಇದೆ, ಒಳಗೆ ಏನೇನಿದೆ ಅಂತ ಬರೆದಿಲ್ಲ. ಮೊದಮೊದಲು ಹಸಿವೇ ಆಗುತ್ತಿರಲಿಲ್ಲ, ತೂಕವೂ ಇಳಿಯಿತು. ಈಗ ರಾತ್ರಿ ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ, ಸಣ್ಣ ಮಾತಿಗೂ ಸಿಟ್ಟು. ಡಬ್ಬಿ ಖಾಲಿಯಾದರೆ ದಿನವಿಡೀ ಮಲಗುತ್ತಾಳೆ, ಅಳುತ್ತಾಳೆ, ಮತ್ತೆ ತರಿಸುತ್ತಾಳೆ. ಒಂದರ ಬದಲು ಎರಡು ನುಂಗೋದೂ ಶುರುವಾಗಿದೆ. ಮೊನ್ನೆ ನನ್ನ ಹತ್ತಿರ ನಿದ್ದೆ ಮಾತ್ರೆ ಸಿಗುತ್ತಾ ಅಂತ ಕೇಳಿದಳು. ಇಂಥ ಮಾತ್ರೆಗೂ ಚಟ ಹತ್ತುತ್ತಾ? ಮನೆಯಲ್ಲಿ ಅವ್ವನಿಗೆ ಇನ್ನೂ ಹೇಳಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ, ಮೆಡಿಕಲ್ ಶಾಪ್ ನಡೆಸುವವರು

ಹತ್ತುತ್ತದೆ ತಂಗಿ. ಎಲ್ಲ ಮಾತ್ರೆಗೂ ಅಲ್ಲ, ಆದರೆ ನೀವು ಹೇಳಿದ್ದೆಲ್ಲ ಓದಿದರೆ ಒಳಗೆ ನರಗಳನ್ನು ಕೆರಳಿಸುವ ಔಷಧ ಇರಬೇಕು ಅನಿಸುತ್ತದೆ. ಫೆಂಟರ್ಮಿನ್ ಅಂತ ಒಂದಿದೆ. ಅಮೆರಿಕದಲ್ಲಿ 1959ರಲ್ಲಿ ಒಪ್ಪಿಗೆ ಸಿಕ್ಕ ಔಷಧ, ಆಂಫೆಟಮಿನ್ ಎಂಬ ಮಾದಕ ವಸ್ತುವಿಗೆ ಹತ್ತಿರದ ಸಂಬಂಧಿ. ಅಲ್ಲಿಯೂ ಅದನ್ನು ಡಾಕ್ಟರ್ ಚೀಟಿಯ ಮೇಲೆ, ಕೆಲವು ವಾರಗಳ ಮಟ್ಟಿಗೆ ಮಾತ್ರ ಅಂತ ಕೊಡುವುದು. ಚಟದ ಭಯಕ್ಕೇ ಅದರ ಮೇಲೆ ಕಟ್ಟುನಿಟ್ಟು ಇದೆ.

ಇಂಥವು ಕೆಲಸ ಮಾಡುವ ರೀತಿ ಹೀಗೆ. ಅಪಾಯ ಬಂದಾಗ ಮೈ ಹೇಗೆ ಎಚ್ಚರಗೊಳ್ಳುತ್ತದೋ ಹಾಗೆ ಸುಮ್ಮನೆ ಕುಳಿತವರ ಮೈಯನ್ನೂ ಎಚ್ಚರಿಸುತ್ತವೆ. ಆಗ ಹಸಿವು ಸತ್ತುಹೋಗುತ್ತದೆ, ಬಿಪಿ ಏರುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಉತ್ಸಾಹವೂ ಬಂದಂತಾಗುತ್ತದೆ. ಆದರೆ ದಣಿದ ಎತ್ತಿಗೆ ಬಾರುಕೋಲು ಬೀಸಿ ಓಡಿಸಿದಂತೆ ಅದು, ಮೈಯಲ್ಲಿ ಹೊಸ ಶಕ್ತಿಯೇನೂ ಬಂದಿರುವುದಿಲ್ಲ. ಕೆಲವು ವಾರಗಳಲ್ಲಿ ಮೈ ಒಗ್ಗಿಹೋಗುತ್ತದೆ, ಒಂದು ಸಾಲದೆ ಎರಡು ಬೇಕಾಗುತ್ತದೆ. ನಿಲ್ಲಿಸಿದ ದಿನ ವಿಪರೀತ ಸುಸ್ತು, ನಿದ್ದೆ, ಹಸಿವು, ಅಳು. ಅದನ್ನು ಸೋಮಾರಿತನ ಅಂತ ಯಾರೂ ಬೈಯಬೇಡಿ.

ನಿದ್ದೆ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಹಗಲಿಗೆ ಒಂದು, ರಾತ್ರಿಗೆ ಇನ್ನೊಂದು ಅಂತ ಶುರುವಾದರೆ ಎರಡು ಚಟ ಜೊತೆಗೂಡುತ್ತವೆ. ಅಮೆರಿಕದಲ್ಲಿ 1960ರ ದಶಕದವರೆಗೂ ಬಣ್ಣಬಣ್ಣದ ತೂಕ ಇಳಿಸುವ ಮಾತ್ರೆ ಹಂಚುತ್ತಿದ್ದರು. ಅದರಲ್ಲಿ ಆಂಫೆಟಮಿನ್, ಥೈರಾಯ್ಡ್ ಹಾರ್ಮೋನು, ಉಚ್ಚೆ ಹೆಚ್ಚಿಸುವ ಮಾತ್ರೆ, ಭೇದಿ ಮಾತ್ರೆ, ಇವುಗಳ ತೊಂದರೆ ಮುಚ್ಚಲು ಶಾಂತಗೊಳಿಸುವ ಮಾತ್ರೆ, ಎಲ್ಲ ಇರುತ್ತಿತ್ತು. ಜನ ಸತ್ತ ಮೇಲೆ ಅಲ್ಲಿನ ಸರ್ಕಾರ ಎಚ್ಚೆತ್ತುಕೊಂಡಿತು.

"ಹರ್ಬಲ್" ಎಂಬ ಮಾತನ್ನು ನಂಬಬೇಡಿ. ಹಸಿವು ಕಡಿಮೆ ಮಾಡಿ ತೂಕ ಇಳಿಸುವ ಸಿಬುಟ್ರಮಿನ್ ಎಂಬ ಔಷಧ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಅಂತ 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹೋಯಿತು. ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧವಾಯಿತು. ಆಮೇಲೂ ಎಷ್ಟೋ ದೇಶಗಳಲ್ಲಿ ಗಿಡಮೂಲಿಕೆ ಅಂತ ಮಾರುವ ಕ್ಯಾಪ್ಸೂಲ್‌ಗಳನ್ನು ಪರೀಕ್ಷೆ ಮಾಡಿದಾಗ ಇದೇ ಸಿಕ್ಕಿದೆ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿನ ಪದಾರ್ಥಗಳ ಪಟ್ಟಿ ಇಲ್ಲದ್ದು ನನ್ನ ಲೆಕ್ಕದಲ್ಲಿ ಔಷಧವೇ ಅಲ್ಲ. ಆ ಡಬ್ಬಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಬೇಕು.

ಗದಗದಿಂದ ಒಬ್ಬರು

ನಮ್ಮ ವೈನಿಯ ಕಥೆ ಬೇರೆ ದಾರಿಯದು. ಅವರದು "ಸ್ಲಿಮ್ಮಿಂಗ್ ಟೀ". ಅದರಲ್ಲಿ ಇದ್ದದ್ದು ಭೇದಿ ಮಾಡಿಸುವ ಸೋನಾಮುಖಿ ಎಲೆ. ಕುಡಿದ ಮರುದಿನ ಹೊಟ್ಟೆ ಖಾಲಿ, ತೂಕದ ಮಷೀನಿನಲ್ಲಿ ಮುಳ್ಳು ಕೆಳಗೆ. ಇಳಿದದ್ದು ನೀರು, ಕೊಬ್ಬಲ್ಲ. ಆಹಾರದ ಸತ್ವವನ್ನು ಮೈ ಹೀರಿಕೊಳ್ಳುವುದು ಬಹುಪಾಲು ಸಣ್ಣ ಕರುಳಿನಲ್ಲಿ. ಈ ಎಲೆ ಕೆಲಸ ಮಾಡುವುದು ಅದರ ನಂತರದ ದೊಡ್ಡ ಕರುಳಿನಲ್ಲಿ. ಇದನ್ನು ಡಾಕ್ಟರ್ ಚಿತ್ರ ಬರೆದು ತೋರಿಸಿದ ಮೇಲೆಯೇ ಅವರಿಗೆ ಮನದಟ್ಟಾಯಿತು.

ಅಷ್ಟೊತ್ತಿಗೆ ಟೀ ಇಲ್ಲದೆ ಹೊಟ್ಟೆ ಹೋಗುತ್ತಲೇ ಇರಲಿಲ್ಲ. ಬಿಟ್ಟರೆ ಹೊಟ್ಟೆ ಉಬ್ಬರ, ಕಾಲು ಬಾವು, ತೂಕ ಏರಿತು ಅಂತ ಗಾಬರಿ, ಮತ್ತೆ ಟೀ. ಕಾಲಿನ ಮೀನಖಂಡ ಹಿಡಿದುಕೊಂಡು ರಾತ್ರಿ ಚೀರುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂತು. ಅದು ಜಾಸ್ತಿ ಇಳಿದರೆ ಎದೆಬಡಿತವೇ ತಾಳ ತಪ್ಪುತ್ತದಂತೆ. ಡಾಕ್ಟರ್ ನಿಧಾನವಾಗಿ ಕಡಿಮೆ ಮಾಡಿಸುತ್ತಾ ಬಂದರು. ನೀರು, ಕಾಳುಪಲ್ಯ, ಹಸಿ ಸೌತೆಕಾಯಿ, ಮೆಂತೆ ಸೊಪ್ಪು, ಜೋಳದ ರೊಟ್ಟಿ ಹೆಚ್ಚಿಸಿದರು. ಕರುಳು ಸರಿಹೋಗಲು ತಿಂಗಳುಗಳೇ ಬೇಕಾದವು. ಆ ಗಾಬರಿ ಹೋಗಲು ಇನ್ನೂ ಜಾಸ್ತಿ ಹೊತ್ತು ಹಿಡಿಯಿತು.

ಹಾವೇರಿಯಿಂದ ಒಬ್ಬರು

ಥೈರಾಯ್ಡ್ ಮಾತ್ರೆಯ ಬಗ್ಗೆಯೂ ಕೇಳಿ ನೋಡಿ ಅಕ್ಕಾರೆ. ನಮ್ಮ ಓಣಿಯ ಹುಡುಗಿ ತಾಯಿಯ ಥೈರಾಕ್ಸಿನ್ ಬಾಟಲಿಯಿಂದ ಕದ್ದು ನುಂಗುತ್ತಿದ್ದಳು. ಕೈ ನಡುಕ, ಬೆವರು, ಎದೆಬಡಿತ. ಥೈರಾಯ್ಡ್ ಸರಿಯಾಗಿ ಇರುವವರು ಹೀಗೆ ನುಂಗಿದರೆ ಹೃದಯಕ್ಕೂ ಮೂಳೆಗೂ ಪೆಟ್ಟು.

ಹುಬ್ಬಳ್ಳಿಯಿಂದ ಇನ್ನೊಬ್ಬರು

ಎಲ್ಲ ಔಷಧವನ್ನೂ ಒಂದೇ ಗಂಟು ಕಟ್ಟಬೇಡಿ ಅಂತ ನನ್ನ ವಿನಂತಿ. ನನಗೆ ಶುಗರ್ ಇದೆ, ತೂಕವೂ ತುಂಬಾ ಇತ್ತು. ಡಾಕ್ಟರ್ ಸೆಮಾಗ್ಲುಟೈಡ್ ಅಂತ ಶುಗರ್, ಹಸಿವು ಎರಡನ್ನೂ ಇಳಿಸುವ ಔಷಧ ಕೊಟ್ಟಿದ್ದಾರೆ, ನನಗೆ ಅದರಿಂದ ಒಳ್ಳೆಯದೇ ಆಗಿದೆ. ಅದು ಫೆಂಟರ್ಮಿನ್ ಥರ ಚಟ ಹತ್ತಿಸುವ ಔಷಧ ಅಲ್ಲ. ಆರ್ಲಿಸ್ಟ್ಯಾಟ್ ಎಂಬ ತೂಕ ಇಳಿಸುವ ಔಷಧ ಕೂಡ ಹಾಗೆಯೇ, ಅದು ಕರುಳಿನಲ್ಲಿ ಕೊಬ್ಬು ಹೀರದಂತೆ ತಡೆಯುತ್ತದೆ, ಮಿದುಳಿನ ಮೇಲೆ ಕೆಲಸ ಮಾಡುವುದಿಲ್ಲ. ಆದರೆ ಒಂದು ಮಾತು ಮೊದಲೇ ತಿಳಿದಿರಬೇಕು. ಸೆಮಾಗ್ಲುಟೈಡ್ ಚುಚ್ಚುಮದ್ದಿನ ದೊಡ್ಡ ಅಧ್ಯಯನವೊಂದರಲ್ಲಿ, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಅದು ಚಟ ಅಲ್ಲ. ಔಷಧ ಹೋದ ಮೇಲೆ ಹಸಿವು ಮರಳುತ್ತದೆ, ಅಷ್ಟೆ. ಆ ಭಯಕ್ಕೇ ಕೆಲವರು ಯಾರ ಹತ್ತಿರವೋ ತರಿಸಿಕೊಂಡು ಮುಂದುವರಿಸುತ್ತಾರೆ, ಅಪಾಯ ಅಲ್ಲಿದೆ.

ಹುಬ್ಬಳ್ಳಿಯಿಂದ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು

ತಂಗೀ, ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಅಳುತ್ತಾಳೆ" ಅನ್ನೋದು. ಇಂಥ ಮಾತ್ರೆ ಬಿಟ್ಟ ದಿನಗಳಲ್ಲಿ ಮನಸ್ಸು ತೀರಾ ಕುಗ್ಗುತ್ತದೆ. ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ಅದನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಎಷ್ಟೋ ಮಂದಿಗೆ ಹೇಳಿಕೊಂಡು ಹಗುರವಾಗುತ್ತದೆ.

ಒಳಗೆ ಏನಿದೆ ಅಂತ ಗೊತ್ತಿಲ್ಲದ ಕ್ಯಾಪ್ಸೂಲನ್ನು ಮುಂದುವರಿಸುವುದು ಬೇಡ. ಆದರೆ ರೂಮಿನಲ್ಲಿ ಒಬ್ಬಳನ್ನೇ ಬಿಟ್ಟು "ನಿಲ್ಲಿಸು" ಅನ್ನಬೇಡಿ. ಕೆಲವು ದಿನ ಮನೆಗೆ ಕರೆಸಿಕೊಳ್ಳಿ, ಅಥವಾ ನೀವೇ ಹೋಗಿ ಅವಳ ಜೊತೆ ಇರಿ. ಅವ್ವನಿಗೆ ಹೇಳುವುದನ್ನು ಅವಳ ಜೊತೆ ಕೂತು ನಿರ್ಧರಿಸಿ, ಬೆನ್ನ ಹಿಂದೆ ಬೇಡ. ಚೀಲ ತಡಕಾಡಿ ಡಬ್ಬಿ ಕಿತ್ತುಕೊಂಡರೆ ಮುಂದಿನದನ್ನು ಇನ್ನೂ ಚೆನ್ನಾಗಿ ಬಚ್ಚಿಡುತ್ತಾಳೆ.

ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಇಂಥದ್ದಕ್ಕೆ ಅಲ್ಲಿಗೆ ಹೋಗಲು ನಾಚಿಕೆ ಬೇಡ. ಮೊದಲು ಮೆಡಿಸಿನ್ ಡಾಕ್ಟರ್ ಹತ್ತಿರ ಬಿಪಿ, ಇಸಿಜಿ, ಥೈರಾಯ್ಡ್, ಪೊಟ್ಯಾಸಿಯಂ ನೋಡಿಸಿ. ರಾತ್ರಿ ಹೊತ್ತು ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎದೆನೋವು, ತಲೆಸುತ್ತಿ ಬೀಳುವುದು, ಉಸಿರಾಟದ ತೊಂದರೆ, ಸಾಯುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ.

ಒಂದು ಕೇಳಬೇಕಿತ್ತು. ಮಾತ್ರೆ ಶುರು ಮಾಡುವ ಮೊದಲು ಅವಳ ತೂಕ ಎಷ್ಟಿತ್ತು? ಎತ್ತರ?

ಧಾರವಾಡದ ಅಕ್ಕ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಸಂಜೆ ಅವಳನ್ನು ಮನೆಗೆ ಕರೆದುಕೊಂಡು ಬಂದೆ. ಸಾಯುವ ಯೋಚನೆ ಬಂದಿಲ್ಲ ಅಂದಳು, ಆದರೆ ಬಹಳ ಹೊತ್ತು ಅತ್ತಳು. ಡಬ್ಬಿ ತಾನಾಗಿಯೇ ಕೊಟ್ಟಳು. ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತೇವೆ. ಎತ್ತರ 155 ಸೆಂಟಿಮೀಟರ್, ಆಗ ತೂಕ 54 ಕೆಜಿ ಇತ್ತು. ನೋಡಲು ಬಂದವರ ಕಡೆಯವರೊಬ್ಬರು "ಹುಡುಗಿ ಸ್ವಲ್ಪ ದಪ್ಪ" ಅಂದಿದ್ದರಂತೆ.

ಹುಬ್ಬಳ್ಳಿಯ ನರ್ಸ್

ಹಾಗಾದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸುಮಾರು 22.5. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅನ್ನುತ್ತಾರೆ. ಅವಳು ಆಗ ಸರಿಯಾದ ತೂಕದಲ್ಲೇ ಇದ್ದಳು. ಇದನ್ನು ಡಾಕ್ಟರಿಗೆ ಮೊದಲೇ ಹೇಳಿ, ಯಾಕಂದರೆ ಇಲ್ಲಿ ಮಾತ್ರೆ ಬಿಡಿಸಿದರೆ ಮುಗಿಯಲಿಲ್ಲ, ಊಟ ಮತ್ತು ಮೈಯ ಬಗ್ಗೆ ಅವಳ ಮನಸ್ಸಿನಲ್ಲಿ ಕೂತ ಭಯವನ್ನೂ ನೋಡಬೇಕಾಗುತ್ತದೆ. ಊಟ ಬಿಡುವುದು, ತಿಂದು ವಾಂತಿ ಮಾಡುವುದು ಇದೆಯಾ ಅಂತ ಡಾಕ್ಟರ್ ಕೇಳಬಹುದು. ಆಗ ನೀವು ಸ್ವಲ್ಪ ಹೊರಗೆ ಹೋಗಿ, ಅವಳು ಒಬ್ಬಳೇ ಉತ್ತರ ಹೇಳಲಿ. ಡಬ್ಬಿ, ದಿನಕ್ಕೆ ಎಷ್ಟು ನುಂಗುತ್ತಿದ್ದಳು, ಕೊನೆಯದು ಯಾವಾಗ, ಬೇರೆ ಯಾವ ಮಾತ್ರೆ ತಗೊಳ್ಳುತ್ತಾಳೆ, ಮುಟ್ಟು ಸರಿಯಾಗಿ ಆಗುತ್ತಿದೆಯಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.