ಪ್ರಶ್ನೋತ್ತರ: ಊರಿನ ಡಾಕ್ಟ್ರ ಚೀಟಿ ಹೆಲ್ಸಿಂಕಿ ಮೆಡಿಕಲ್‌ನಲ್ಲಿ ನಡೆಯತ್ತಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಾವಿರೋದು ಫಿನ್ಲೆಂಡಲ್ಲಿ, ಹೆಲ್ಸಿಂಕಿ ಪಕ್ಕದ ಎಸ್ಪೂನಲ್ಲಿ, ಅಪ್ಪ ಅಮ್ಮ ಮೇ ತಿಂಗ್ಳಲ್ಲಿ ಶಿವಮೊಗ್ಗದಿಂದ ಬರ್ತಿದಾರೆ, ಎರಡೂವರೆ ತಿಂಗ್ಳು ಇರ್ತಾರೆ. ಅಪ್ಪಂಗೆ ಶುಗರ್ರು, ಬಿಪಿ, ಅಮ್ಮಂಗೆ ಥೈರಾಯ್ಡ್. ಹೋದ ವಾರ ಹಡಗಲ್ಲಿ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ಗೆ ಹೋಗಿದ್ದಾಗ ಅಲ್ಲಿನ ಮೆಡಿಕಲ್‌ನಲ್ಲಿ ನನ್ನ ಫಿನ್ಲೆಂಡ್ ಪ್ರಿಸ್ಕ್ರಿಪ್ಷನ್ ಮೇಲೆ ಮಾತ್ರೆ ಕೊಟ್ಟೇ ಬಿಟ್ರು, ಕೈಯಲ್ಲಿ ಒಂದು ಪೇಪರ್ ಇರ್ಲಿಲ್ಲ. ಅದೇ ತರ ಊರಿನ ಡಾಕ್ಟ್ರು ಬರ್ದಿದ್ದು ಇಲ್ಲಿ ನಡೆಯಲ್ವಾ? ಅಪ್ಪಂಗೆ ಆಭಾ ನಂಬರೂ (ಭಾರತ ಸರ್ಕಾರದ ಆರೋಗ್ಯ ಐಡಿ) ಇದೆ. ಫಾರ್ಮಸಿ ಕಡೆಯವ್ರು ಯಾರಾದ್ರೂ ಹೇಳಿ.

ಉತ್ತರ: ನಾನು ಮೊದ್ಲು ಮೈಸೂರಲ್ಲಿ ಆಸ್ಪತ್ರೆ ಫಾರ್ಮಸಿಸ್ಟ್ ಆಗಿದ್ದೆ, ಈಗ ಇಲ್ಲೇ ಆಸ್ಪತ್ರೆ ಸಾಫ್ಟ್‌ವೇರ್ ಕಡೆ ಕೆಲ್ಸ. ನೇರವಾಗಿ ಹೇಳ್ತೀನಿ, ನಡೆಯಲ್ಲ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಟ್ಯಾಲಿನ್‌ನಲ್ಲಿ ನಿಮ್ಗೆ ಏನಾಯ್ತು ಅದನ್ನೇ ನೋಡಿ.

ನೀವು ಕೌಂಟರಲ್ಲಿ ಪಾಸ್‌ಪೋರ್ಟೋ ಐಡಿ ಕಾರ್ಡೋ ಕೊಟ್ರಿ, ಆ ಹುಡುಗಿ ಫಿನ್ಲೆಂಡ್ ಅಂತ ಆರಿಸಿ ನಿಮ್ಮ ಇಲ್ಲಿನ ಪರ್ಸನಲ್ ಕೋಡ್ ಹೊಡೆದ್ಳು. ಆ ವಿಚಾರಣೆ ಎಸ್ಟೋನಿಯಾದ ಸಂಪರ್ಕ ಕೇಂದ್ರದಿಂದ ಫಿನ್ಲೆಂಡ್ ಕೇಂದ್ರಕ್ಕೆ ಬರತ್ತೆ. ಇಲ್ಲಿ 'ಕಾಂಟಾ' ಅನ್ನೋ ರಾಷ್ಟ್ರೀಯ ದಾಖಲೆ ವ್ಯವಸ್ಥೆ ಇದೆಯಲ್ಲ, ಅದ್ರಿಂದ ನಿಮ್ಮ ಬಾಕಿ ಇರೋ ಪ್ರಿಸ್ಕ್ರಿಪ್ಷನ್ ಎದ್ದು ವಾಪಸ್ ಹೋಗಿ ಅವಳ ಸ್ಕ್ರೀನಲ್ಲಿ ಅವಳ ಭಾಷೇಲಿ ಕಾಣತ್ತೆ. ಭಾಷೆ ಬದಲಾದ್ರೂ ಔಷಧಿ ಬದಲಾಗಲ್ಲ ಯಾಕಂದ್ರೆ ಜೊತೆಗೆ ಕೋಡ್ ಹೋಗತ್ತೆ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ಗೆ ಯಾವ ದೇಶಕ್ಕೆ ಹೋದ್ರೂ ಎ10ಬಿಎ02 ಅನ್ನೋದೇ ಕೋಡ್. ನನಗೆ ತುಂಬಾ ಇಷ್ಟ ಆಗೋದು ಅದರ ಮುಂದಿನ ಭಾಗ. ಅವಳು ಎರಡು ಡಬ್ಬಿ ಕೊಟ್ಟ ಮೇಲೆ 'ಕೊಟ್ಟಿದೀನಿ' ಅಂತ ಒಂದು ಸಂದೇಶ ವಾಪಸ್ ಬಂದು ಇಲ್ಲಿನ ದಾಖಲೇಲಿ ಅಷ್ಟು ಕಳೆಯತ್ತೆ, ಹಾಗಾಗಿ ನೀವು ಹಡಗು ಇಳಿದು ಹೆಲ್ಸಿಂಕೀಲಿ ಅದೇ ಮಾತ್ರೆ ಇನ್ನೊಂದ್ಸಲ ತಗೊಳ್ಳಕ್ಕಾಗಲ್ಲ. ಪೇಪರ್ ಚೀಟೀಲಿ ಈ ಲೆಕ್ಕ ಇಡೋರೇ ಇಲ್ಲ, ಒಂದೇ ಚೀಟಿ ಹಿಡ್ಕೊಂಡು ಮೂರು ಅಂಗಡಿ ಸುತ್ತಿದ್ರೂ ಯಾರಿಗೂ ಗೊತ್ತಾಗಲ್ಲ.

ಇಡೀ ಯುರೋಪಲ್ಲಿ ಇದು ಮೊದ್ಲು ಶುರುವಾಗಿದ್ದೇ ನೀವು ದಾಟಿದ ಆ ದಾರೀಲಿ, 2019ರ ಜನವರೀಲಿ, ಫಿನ್ಲೆಂಡ್ ಜನ ಎಸ್ಟೋನಿಯಾದಲ್ಲಿ ತಗೊಳ್ಳೋದು. ಮಧ್ಯೆ ಇರೋದು ಸುಮಾರು 80 ಕಿಲೋಮೀಟರ್ ಸಮುದ್ರ, ಅದಕ್ಕೆ ಮುಂಚೆ 2008ರಿಂದ ವರ್ಷಗಟ್ಟಲೆ ಪೈಲಟ್ ಪ್ರಾಜೆಕ್ಟು, ಸಭೆ. ಈಗ ಯುರೋಪ್ ಒಕ್ಕೂಟದ ಆ ಜಾಲದ ಹೆಸ್ರು ಮೈಹೆಲ್ತ್ ಅಟ್ ಇಯು (MyHealth@EU). ಭಾರತ ಆ ಜಾಲದಲ್ಲಿ ಇಲ್ಲ. ಆಭಾದ 14 ಅಂಕಿ ನಮ್ಮ ದೇಶದೊಳಗೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರಿಪೋರ್ಟ್ ಸಾಗ್ಸಕ್ಕೆ ಚೆನ್ನಾಗಿದೆ, ಹೆಲ್ಸಿಂಕೀಲಿ ಅದು ಬರೀ ಒಂದು ನಂಬರ್ರು. ಇನ್ನೊಂದ್ ವಿಷ್ಯ, ಟ್ಯಾಲಿನ್‌ನಲ್ಲಿ ಪೂರ್ತಿ ದುಡ್ಡು ಕೊಟ್ಟಿರ್ತೀರಲ್ಲ, ರಸೀದಿ ಎಸೀಬೇಡಿ, ಕೆಲಾಗೆ (ಫಿನ್ಲೆಂಡಿನ ಸರ್ಕಾರಿ ಸಾಮಾಜಿಕ ವಿಮಾ ಸಂಸ್ಥೆ) ಅರ್ಜಿ ಹಾಕಿ ಒಂದಷ್ಟು ವಾಪಸ್ ಕೇಳ್ಬೋದು.

ಪ್ರಶ್ನೆ (ಬೇರೆಯವ್ರು): ಅಂದ್ರೆ ನಮ್ಮ ಕಾಯಿಲೆ ಕತೆ ಎಲ್ಲಾ ಬ್ರಸೆಲ್ಸಲ್ಲಿ ಎಲ್ಲೋ ಒಂದು ಸರ್ವರಲ್ಲಿ ಗುಡ್ಡೆ ಹಾಕಿದಾರಾ? ಭಯ ಆಗತ್ತಪ್ಪ.

ಉತ್ತರ: ಇಲ್ಲ ಇಲ್ಲ. ದಾಖಲೆ ಆಯಾ ದೇಶದಲ್ಲೇ ಇರತ್ತೆ, ಕೇಳಿದ ಹೊತ್ತಿಗೆ ಕೇಳಿದ್ದಷ್ಟೇ ಹೋಗತ್ತೆ. ನಾರ್ಕೋಟಿಕ್ ಲಿಸ್ಟಿನ ಮಾತ್ರೆ ಫಿನ್ಲೆಂಡ್ ಕಡೆಯಿಂದ ಈ ದಾರೀಲಿ ಹೋಗೋದೇ ಇಲ್ಲ. ಎಸ್ಟೋನಿಯಾದವ್ರು ತಮ್ಮ ದಾಖಲೆ ಯಾರು ನೋಡಿದ್ರು ಅಂತ ಪೋರ್ಟಲಲ್ಲಿ ತಾವೇ ನೋಡ್ಬೋದು. ನಮ್ಮೂರಲ್ಲಿ ಲ್ಯಾಬ್ ರಿಪೋರ್ಟ್ ವಾಟ್ಸಾಪ್ ಗ್ರೂಪಲ್ಲಿ ಚಿಕ್ಕಪ್ಪನ ಮಗನ ತನಕ ಹೋಗಿರತ್ತೆ, ಅದಕ್ಕೆ ಯಾರೂ ಭಯ ಬೀಳಲ್ಲ! ಯುರೋಪ್ ಒಕ್ಕೂಟದ ಎಲ್ಲಾ ಸದಸ್ಯ ದೇಶಗಳೂ ಇದಕ್ಕೆ ಸೇರ್ಲೇಬೇಕು ಅನ್ನೋ ಕಾನೂನು 2025ರ ಮಾರ್ಚಲ್ಲಿ ಜಾರಿಗೆ ಬಂತು, ಪ್ರಿಸ್ಕ್ರಿಪ್ಷನ್ ಮತ್ತೆ ರೋಗಿಯ ಸಾರಾಂಶಕ್ಕೆ 2029ರ ಮಾರ್ಚ್ ಗಡುವು, ಸ್ಕ್ಯಾನು ಲ್ಯಾಬ್ ರಿಪೋರ್ಟಿಗೆ 2031.

ಪ್ರಶ್ನೆ (ಮೊದಲನೆಯವ್ರು): ಸರಿ ಸರ್, ಹಾಗಾದ್ರೆ ಅಪ್ಪ ಅಮ್ಮಂಗೆ ಏನ್ ಮಾಡ್ಲಿ?

ಉತ್ತರ: ಅಪ್ಪ ಅಮ್ಮ ಬರುವಾಗ್ಲೇ ಊರಿಂದ ಮಾತ್ರೆ ತಗೊಂಡ್ ಬರ್ಲಿ. ಯುರೋಪಿನ ಹೊರಗಿಂದ ಬರೋರು ಸ್ವಂತಕ್ಕೆ ಮೂರು ತಿಂಗ್ಳಿಗಾಗೋಷ್ಟು ತರ್ಬೋದು, ನಿಮ್ಗೆ ಸಾಕು. ಒರಿಜಿನಲ್ ಪ್ಯಾಕಲ್ಲೇ ಇರ್ಲಿ, ಡಬ್ಬೀಗೆ ಬಿಡಿಬಿಡಿ ತುಂಬ್ಕೊಂಡು ಬರೋದು ಬೇಡ. ಇನ್ಸುಲಿನ್ ಇದ್ರೆ ಕೈಚೀಲದಲ್ಲಿ, ಕೆಳಗಡೆ ಲಗೇಜಲ್ಲಿ ಹಾಕಿದ್ರೆ ಹೆಪ್ಪುಗಟ್ಟಿ ಹಾಳಾಗ್ಬೋದು.

ಜೊತೆಗೆ ಡಾಕ್ಟ್ರ ಹತ್ರ ಒಂದು ಪುಟ ಟೈಪ್ ಮಾಡಿದ ಪತ್ರ ತಗೊಳ್ಳಿ, ಬ್ರ್ಯಾಂಡ್ ಹೆಸ್ರಲ್ಲ, ಜೆನೆರಿಕ್ ಹೆಸ್ರು (ಅಂದ್ರೆ ಒಳಗಿರೋ ಔಷಧಿಯ ಹೆಸ್ರು), ಎಷ್ಟು ಮಿಲಿಗ್ರಾಮು, ದಿನಕ್ಕೆ ಎಷ್ಟ್ ಸಲ ಅಂತ ಪೂರ್ತಿ ವಾಕ್ಯದಲ್ಲಿ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ನಮ್ಮಮ್ಮ ಬಂದಾಗ ಒಂದ್ಸಲ ಇಲ್ಲಿ ಡಾಕ್ಟ್ರಿಗೆ ತೋರ್ಸಿದ್ವಿ, ಊರಿನ ಚೀಟೀಲಿ ಮಾತ್ರೆ ಮುಂದೆ 'ಓಡಿ' (OD) ಅಂತ ಇತ್ತು, ನಮ್ಮಲ್ಲಿ ಅದು ದಿನಕ್ಕೊಂದು, ಆ ಡಾಕ್ಟ್ರಿಗೆ ಅದು ಬಲಗಣ್ಣು, 'ಇದು ಕಣ್ಣಿಗಾ' ಅಂತ ಕೇಳಿದ್ರು. ಕೆಳಗಡೆ ನೋವಿನ ಮಾತ್ರೆ ಮುಂದೆ 'ಎಸ್ಓಎಸ್' (SOS), ನಮ್ಗೆ ಬೇಕಾದಾಗ ಮಾತ್ರ ಅಂತ, ಅವ್ರು ಏನೋ ಪ್ರಾಣಾಪಾಯ ಅಂದ್ಕೊಂಡು ಅಮ್ಮನ ಮುಖ ನೋಡಿದ್ರು. ಅಮ್ಮ ಆರಾಮಾಗಿ ಸ್ವೆಟರ್ ಗುಂಡಿ ಹಾಕ್ಕೊಳ್ತಾ ಕೂತಿದ್ರು.

ಮಾತ್ರೆ ಮುಗಿದು ಹೋದ್ರೆ ಇಲ್ಲಿನ ಡಾಕ್ಟ್ರೇ ಹೊಸದಾಗಿ ಬರೀಬೇಕು, ಟ್ರಾವೆಲ್ ಇನ್ಶೂರೆನ್ಸು ಹಳೇ ಕಾಯಿಲೆ ಮಾತ್ರೆಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ.

ಪ್ರಶ್ನೆ (ದುಬೈಯಿಂದ): ಇಲ್ಲಿಗೂ ಇದೇನಾ? ಅತ್ತೆಗೆ ನರದ ನೋವಿಗೆ ಪ್ರೀಗಾಬಾಲಿನ್ ಇದೆ.

ಉತ್ತರ: ಅದು ನಿಮ್ಮಲ್ಲಿ ನಿಯಂತ್ರಿತ ಔಷಧಿ, ಟ್ರಾಮಡಾಲ್, ಕೋಡೀನ್ ಕೂಡ. ವಿಮಾನ ಹತ್ತೋ ಮುಂಚೇನೇ ಯುಎಇ ಸರ್ಕಾರದ ವೆಬ್‌ಸೈಟಲ್ಲಿ ಅನುಮತಿ ತಗೊಳ್ಳಿ. ನಮ್ಮಲ್ಲಿ ಮೂಲೆ ಅಂಗಡೀಲಿ ಸಿಗತ್ತೆ ಅಂತ ಸುಮ್ನೆ ತಗೊಂಡ್ ಹೋಗ್ಬೇಡಿ.

ಪ್ರಶ್ನೆ (ಮೊದಲನೆಯವ್ರು): ಅಪ್ಪನ ಚೀಟಿ ಫೋಟೋ ತರ್ಸಿದೆ ಸರ್. ಗ್ಲೈಕೋಮೆಟ್ ಜಿಪಿ 1 ಅಂತ ಒಂದು ಓದಕ್ಕಾಯ್ತು, ಎರಡನೇದು ಇರುವೆ ಹರಿದಂಗಿದೆ.

ಉತ್ತರ: ಮೊದಲನೇದು ಒಂದೇ ಮಾತ್ರೇಲಿ ಎರಡು ಔಷಧಿ, ಮೆಟ್‌ಫಾರ್ಮಿನ್ 500 ಮತ್ತೆ ಗ್ಲಿಮೆಪಿರೈಡ್ 1. ಪತ್ರದಲ್ಲಿ ಎರಡನ್ನೂ ಬೇರೆಬೇರೆ ಬರೆಸಿ, ಅದೇ ಜೋಡಿ ಇಲ್ಲಿ ಸಿಗತ್ತೆ ಅಂತ ನಂಬ್ಕೋಬೇಡಿ. ಎರಡನೇದಕ್ಕೆ ಚೀಟಿ ಬಿಟ್ಬಿಡಿ, ಸ್ಟ್ರಿಪ್ ಹಿಂದುಗಡೆ ಫೋಟೋ ಕಳ್ಸೋಕೆ ಹೇಳಿ. ಮಾತ್ರೆ ಎಲ್ಲಾ ಖಾಲಿಯಾಗಿರೋ ಸ್ಟ್ರಿಪ್ಪಾದ್ರೂ ಪರ್ವಾಗಿಲ್ಲ, ಹೆಸರಿರೋ ಕಡೆ ಹರಿದಿರ್ಬಾರ್ದು ಅಷ್ಟೇ.