ಬ್ರಹ್ಮಾವರದ ತೋಟ, ಪವರ್ ಆಫ್ ಅಟಾರ್ನಿ: ಸಹಿ ಹಾಕಬಹುದಾ?

ಬ್ರಹ್ಮಾವರ–ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ವರ್ಷ ಆಯಿತು. ಅವರು ಸ್ವಂತ ದುಡಿಮೆಯಲ್ಲಿ ತೆಗೆದ ಮನೆ, ಅಡಿಕೆ ತೋಟ ಇನ್ನೂ ಅವರ ಹೆಸರಲ್ಲೇ ಉಂಟು. ವಿಲ್ ಇಲ್ಲ. ಅಮ್ಮ ಅಣ್ಣನ ಜೊತೆ ಇದ್ದಾರೆ. ಅಣ್ಣ ಜನರಲ್ ಪವರ್ ಆಫ್ ಅಟಾರ್ನಿ (ನನ್ನ ಪರವಾಗಿ ಎಲ್ಲ ವ್ಯವಹಾರ ಮಾಡುವ ಅಧಿಕಾರ ಪತ್ರ) ಕಳಿಸು ಅನ್ನುತ್ತಿದ್ದಾನೆ. ನನ್ನದು ಅಮೆರಿಕದ ಪಾಸ್‌ಪೋರ್ಟ್, ಒಸಿಐ ಕಾರ್ಡ್ (ವಿದೇಶಿ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಉಂಟು. ಮಕ್ಕಳು ಇಲ್ಲೇ ಹುಟ್ಟಿದವರು. ಸಹಿ ಹಾಕಲಾ? ಮುಂದೆ ಮಕ್ಕಳಿಗೆ ತೋಟದಲ್ಲಿ ಹಕ್ಕು ಇರುತ್ತಾ? ನಿದ್ದೆ ಬರುತ್ತಿಲ್ಲ.

ಕಾಪು–ದುಬೈ: ಒಡಹುಟ್ಟಿದವನನ್ನೇ ನಂಬದಿದ್ದರೆ ಇನ್ಯಾರನ್ನು ನಂಬುವುದು ಅಕ್ಕ? ಸಹಿ ಹಾಕಿ ಕಳಿಸಿ.

ಮಂಗಳೂರು–ಡಲ್ಲಾಸ್: ನಂಬಿಕೆಯ ಮಾತಲ್ಲ ಮಾರಾಯ್ರೆ. ನಾನು ಮಂಗಳೂರು ಕೋರ್ಟಲ್ಲಿ ವಕೀಲಿಕೆ ಮಾಡಿದವಳು. ಜನರಲ್ ಬೇಡ, ಸ್ಪೆಷಲ್ ಪವರ್ ಆಫ್ ಅಟಾರ್ನಿ ಕೊಡಿ. ಸರ್ವೆ ನಂಬರ್ ಬರೆದು, ಪೌತಿ ಖಾತೆ (ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡುವುದು) ಮತ್ತು ವಿಭಾಗ ಪತ್ರಕ್ಕೆ ಮಾತ್ರ ಅಂತ ಹಾಕಿ. ಮಾರುವ ಅಧಿಕಾರ ಇಲ್ಲ ಅಂತ ಸ್ಪಷ್ಟವಾಗಿ ಇರಲಿ. ನೋಟರಿ ಮುಂದೆ ಸಹಿ ಮಾಡಿ, ನಿಮ್ಮ ರಾಜ್ಯ ಸರ್ಕಾರದಿಂದ ಅಪೊಸ್ಟಿಲ್ (ಬೇರೆ ದೇಶದಲ್ಲಿ ನಡೆಯುವ ದೃಢೀಕರಣ) ಮಾಡಿಸಿ. ಭಾರತ 2005ರಿಂದ ಅದನ್ನು ಒಪ್ಪುತ್ತದೆ. ಪತ್ರ ಕರ್ನಾಟಕಕ್ಕೆ ತಲುಪಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಶುಲ್ಕ ಕಟ್ಟಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ.

ಮೂಲ್ಕಿ–ಮಸ್ಕತ್: ನಮ್ಮದು ಅಳಿಯಸಂತಾನ, ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ ಅಲ್ವಾ? ಅಪ್ಪನ ಆಸ್ತಿ ಮಕ್ಕಳಿಗೆ ಹೇಗೆ?

ಮಂಗಳೂರು–ಡಲ್ಲಾಸ್: ಅದು ಕುಟುಂಬದ ಆಸ್ತಿಯ ಹಳೇ ಕಥೆ. ಸ್ವಂತ ದುಡಿಮೆಯ ಜಾಗಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ. ಹೆಂಡತಿ, ಮಗ, ಮಗಳಿಗೆ ಸಮಪಾಲು, ತೀರಿಕೊಂಡವರ ತಾಯಿ ಇದ್ದರೆ ಅವರಿಗೂ ಒಂದು ಪಾಲು. ಒಸಿಐ ಇದ್ದವರು ಕೃಷಿ ಜಮೀನು ಖರೀದಿಸುವಂತಿಲ್ಲ, ಆದರೆ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಕ್ಕಳ ಹಕ್ಕು ನಿಮ್ಮ ಮೂಲಕವೇ ಬರುವುದು. ಅವರಿಗೂ ಒಸಿಐ ಮಾಡಿಸಿಡಿ.

ಉಡುಪಿ–ಸಿಡ್ನಿ: ಇಷ್ಟೆಲ್ಲ ಕಾಗದ ಯಾಕೆ? ಪ್ರತಿ ಸಲ ಹೇಳುತ್ತೇನೆ, ಮಾರಿಬಿಡಿ! ಕೊಳೆರೋಗ ಬಂದರೆ ಮದ್ದು ಬಿಡುವವರು ಯಾರು? ಕೊಯ್ಯುವವರೇ ಸಿಗುವುದಿಲ್ಲ. ನಮ್ಮ ಮಕ್ಕಳು ತೋಟಕ್ಕೆ ಕಾಲಿಡುವುದಿಲ್ಲ. ಅವರ ತಲೆಗೆ ಊರಿನ ವ್ಯಾಜ್ಯ ಕಟ್ಟಬೇಡಿ.

ಕಾರ್ಕಳ–ಟೊರಾಂಟೊ: ಹಾಗೆ ಹೇಳಬೇಡಿ ಅಣ್ಣ. ನನ್ನ ಮಗಳು ಇಲ್ಲೇ ಯಕ್ಷಗಾನ ಕಲಿತಳು. ರಜೆಗೆ ಹೋದರೆ ಅಜ್ಜಿ ಹತ್ತಿರ ತುಳುವಿನಲ್ಲೇ ಮಾತು. ಮನೆ ಇದ್ದರೆ ಮಕ್ಕಳು ಬರುತ್ತಾರೆ.

ಉಡುಪಿ–ಸಿಡ್ನಿ: ಬರುತ್ತಾರೆ, ಎರಡು ವಾರ. ಉಳಿದ ಐವತ್ತು ವಾರ?

ಮೂಲ್ಕಿ–ಮಸ್ಕತ್: ನಾವು ಮಾರಿದೆವು. ಈಗ ಕೋಲಕ್ಕೆ ಹೋದರೆ ಲಾಡ್ಜಲ್ಲಿ ಉಳಿಯುವುದು. ಮಗ ಬರುವುದೇ ಬಿಟ್ಟ. ತುಂಬಾ ಬೇಜಾರಾಗುತ್ತದೆ.

ಕಾಪು–ದುಬೈ: ಸಿಡ್ನಿಯವರು ಹೇಳಿದ್ದು ಸರಿ. ಮಾರಿ ಮಣಿಪಾಲದಲ್ಲಿ ಫ್ಲಾಟ್ ತೆಗೆಯಿರಿ.

ಉಡುಪಿ–ಸಿಡ್ನಿ: ಅದೇ! ಬೀಗ ಹಾಕಿ ಬಂದರೆ ಆಯಿತು. ತಡ ಮಾಡಬೇಡಿ.

ಮಂಗಳೂರು–ಡಲ್ಲಾಸ್: ಮಾರುವುದಾದರೂ ತೋಟವನ್ನು ಭಾರತದಲ್ಲೇ ಇರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ಕೊಳ್ಳುವವರು ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿಯುವ ಪ್ರಸಂಗ ಬಂದರೆ, ಕಡಿಮೆ ತೆರಿಗೆ ದರದ ಸರ್ಟಿಫಿಕೇಟನ್ನು ಮಾರುವ ಮೊದಲೇ ತೆಗೆದುಕೊಳ್ಳಬೇಕು.

ಬ್ರಹ್ಮಾವರ–ನ್ಯೂಜೆರ್ಸಿ: ಮಾರುವ ವಿಷಯ ನಾನು ಕೇಳಲೇ ಇಲ್ಲ. ಅಣ್ಣನಿಗೆ ಮಕ್ಕಳಿಲ್ಲ. ಅವನ ಪಾಲನ್ನೂ ನನ್ನ ಮಕ್ಕಳಿಗೆ ದಾನಪತ್ರ ಮಾಡುತ್ತೇನೆ ಅನ್ನುತ್ತಾನೆ. ಆಗುತ್ತಾ?

ಉಡುಪಿ–ಸಿಡ್ನಿ: ಇದಕ್ಕೇ ಹೇಳಿದ್ದು, ಮಾರಿ ಅಂತ.

ಮಂಗಳೂರು–ಡಲ್ಲಾಸ್: ಮನೆಯ ಜಾಗ ಕನ್ವರ್ಶನ್ (ಕೃಷಿಯೇತರ ಬಳಕೆಗೆ ಬದಲಾವಣೆ) ಆಗಿದ್ದರೆ ಅಣ್ಣ ತಂಗಿಯಾದ ನಿಮಗೆ ದಾನ ಕೊಡಬಹುದು, ಒಸಿಐ ಇರುವ ನಿಮ್ಮ ಮಕ್ಕಳಿಗೆ ನೇರವಾಗಿ ಕೊಡುವಂತಿಲ್ಲ. ತೋಟವಂತೂ ಯಾರಿಗೂ ಆಗುವುದಿಲ್ಲ, ಒಸಿಐಗೆ ಕೃಷಿ ಜಮೀನು ದಾನವಾಗಿಯೂ ಬರುವಂತಿಲ್ಲ. ಅಣ್ಣನ ಹತ್ತಿರ ಆರ್‌ಟಿಸಿ (ಪಹಣಿ) ತರಿಸಿ, ನನಗೆ ಮೆಸೇಜ್ ಮಾಡಿ.