ನೆಚ್ಚಿನ ಗೇಮ್ ಸರಣಿ ಪೂರ್ತಿ ಬದಲಾದಾಗ ನೀವೇನು ಮಾಡಿದಿರಿ?

ಕೇಳಿದವರು: ಜಪಾನಿನ ಗ್ಯಾಂಗ್‌ಸ್ಟರ್‌ಗಳ ಕಥೆ ಹೇಳುವ ಯಾಕುಜಾ ಗೇಮ್ ಸರಣಿಯನ್ನು ನಾಯಕ ಕಿರ್ಯು ಕಥೆ ಮುಗಿಯುವ ಆರನೇ ಭಾಗದವರೆಗೆ ಆಡಿದ್ದೇನೆ. ಅದೇ ಸರಣಿಯ 2020ರ ಲೈಕ್ ಎ ಡ್ರ್ಯಾಗನ್‌ನಲ್ಲಿ ನಾಯಕ ಬೇರೆ, ಊರು ಬೇರೆ, ಹೊಡೆದಾಟವೂ ಟರ್ನ್ ಬೇಸ್ಡ್ (ಸರದಿ ಪ್ರಕಾರ ಒಬ್ಬೊಬ್ಬರೇ ಹೊಡೆಯುವುದು) ಅಂತೆ. ಸೈಕಲ್ ಎತ್ತಿ ಬಡಿಯುವ ಸುಖವೇ ಹೋದ ಮೇಲೆ ಆಡಬೇಕಾ? ಹೀಗೆ ಬದಲಾದ ಸರಣಿ ಆಡಿದವರು ಅನುಭವ ಹೇಳಿ.

ಉತ್ತರ: ಖಂಡಿತ ಆಡಿ. 2019ರ ಏಪ್ರಿಲ್ 1ಕ್ಕೆ ಟರ್ನ್ ಬೇಸ್ಡ್ ಹೊಡೆದಾಟದ ವಿಡಿಯೋ ಬಿಟ್ಟಾಗ ಮೂರ್ಖರ ದಿನದ ತಮಾಷೆ ಅಂದುಕೊಂಡವರೇ ಹೆಚ್ಚು. ಆಮೇಲೆ ಅದೇ ನಿಜವಾಯಿತು. ನನಗೆ ಹಿಡಿಸಿದ್ದು, ಈ ಬದಲಾವಣೆ ಕಥೆಯ ಒಳಗಿಂದಲೇ ಹುಟ್ಟಿದೆ. ಹೊಸ ನಾಯಕ ಇಚಿಬಾನ್‌ಗೆ ಡ್ರ್ಯಾಗನ್ ಕ್ವೆಸ್ಟ್ ಅನ್ನುವ ಹಳೇ ಟರ್ನ್ ಬೇಸ್ಡ್ ಗೇಮ್ ಅಂದರೆ ಪ್ರಾಣ, ಬೀದಿ ಜಗಳವೂ ಅವನ ಕಣ್ಣಿಗೆ ಹಾಗೇ ಕಾಣುತ್ತದೆ. ಕಿರ್ಯು ಒಬ್ಬನೇ ನಿಂತು ಹೊಡೆಯುವವನು. ಇಚಿಬಾನ್‌ಗೆ ಜೊತೆಗಾರರು ಬೇಕು. ಅವರಲ್ಲೊಬ್ಬ ನಾನ್ಬಾ ಪಾರಿವಾಳಗಳನ್ನು ಛೂ ಬಿಡುತ್ತಾನೆ. ಹಲೋ ವರ್ಕ್ ಅನ್ನುವ ಉದ್ಯೋಗ ಕಚೇರಿಗೆ ಹೋಗಿ ಕೆಲಸ ಬದಲಿಸಿದರೆ ಪಟ್ಟುಗಳೇ ಬೇರೆ. ಕೈ ಕಟ್ಟಿ ಕೂರುವ ಹಾಗೂ ಇಲ್ಲ, ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗಾರ್ಡ್ ಒತ್ತಿದರೆ ಪೆಟ್ಟು ಕಡಿಮೆ. ಬೇಸರ ಒಂದೇ: ಪಾತ್ರಗಳು ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. (ಮುಂದಿನ ಭಾಗ, 2024ರ ಇನ್ಫೈನೈಟ್ ವೆಲ್ತ್‌ನಲ್ಲಿ ಅದನ್ನು ಸರಿಪಡಿಸಿದ್ದಾರೆ.) ಕಣ್ಣೀರು ತರಿಸುವ ದೃಶ್ಯದ ಬೆನ್ನಿಗೇ ಹುಚ್ಚಾಟದ ಉಪಕಥೆ, ಅದೇ ಈ ಸರಣಿಯ ಜೀವ. ಅದು ಎಲ್ಲೂ ಹೋಗಿಲ್ಲ.

ಉತ್ತರ: ನಾನು ರೆಸಿಡೆಂಟ್ ಈವಿಲ್ ಅನ್ನುವ ಭಯದ ಗೇಮ್ ಸರಣಿಯ ಕಡೆಯವನು. 2017ರಲ್ಲಿ ಏಳನೇ ಭಾಗ ಫಸ್ಟ್ ಪರ್ಸನ್ (ಪಾತ್ರದ ಕಣ್ಣಿನಿಂದಲೇ ನೋಡುವ ಆಟ) ಆದಾಗ ‘ಇದು ನಮ್ಮ ಗೇಮೇ ಅಲ್ಲ’ ಅಂತ ಸ್ನೇಹಿತರಲ್ಲೇ ಜಗಳ. ಆದರೆ ಕಥೆ ನಡೆಯುವ ಬೇಕರ್ ಕುಟುಂಬದ ಮನೆಯೊಳಗೆ ಕಾಲಿಟ್ಟರೆ ಬೀಗ ಬಿದ್ದ ಬಾಗಿಲು, ವಿಚಿತ್ರ ಕೀಲಿ, ಎಣಿಸಿ ಬಳಸಬೇಕಾದ ಗುಂಡು, ಉಸಿರು ಬಿಡಲು ಸೇವ್ ರೂಮ್ (ಆಟ ಉಳಿಸಿಕೊಳ್ಳುವ ಸುರಕ್ಷಿತ ಕೋಣೆ). ಎಲ್ಲ 1996ರ ಮೊದಲ ಗೇಮ್‌ನದೇ. ಹೆಗಲ ಹಿಂದಿನ ಕ್ಯಾಮೆರಾ ಉಳಿಸಿಕೊಂಡಿದ್ದ ಆರನೇ ಭಾಗದಲ್ಲಿ ನನಗೆ ಈ ಭಯ ಸಿಕ್ಕಿರಲೇ ಇಲ್ಲ. ಹಾಗಾಗಿ ಹೊರಗಿನ ವೇಷ ನೋಡಬೇಡಿ, ನಿಮ್ಮನ್ನು ಆ ಸರಣಿಗೆ ಕಟ್ಟಿಹಾಕಿದ್ದು ಯಾವುದು ಅಂತ ಮೊದಲು ಯೋಚಿಸಿ.

ಉತ್ತರ: ನಾನು ಸ್ವಲ್ಪ ಬೇರೆ ಹೇಳ್ತೀನಿ. ಒಗ್ಗದಿದ್ದರೆ ಬಿಟ್ಟುಬಿಡಿ, ಬಲವಂತ ಬೇಡ. ಜೆಲ್ಡಾ ಅನ್ನುವ ಸಾಹಸ ಗೇಮ್ ಸರಣಿಯಲ್ಲಿ ನನಗೆ ಬೇಕಿದ್ದದ್ದು ಒಗಟು ತುಂಬಿದ ಒಂದೊಂದು ಡಂಜನ್‌ಗೊಂದು ಹೊಸ ಸಾಧನ, ಅದರಿಂದಲೇ ಮುಂದಿನ ಒಗಟು ಬಿಡಿಸುವುದು. ಅದೇ ಸರಣಿಯ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಮುಖ್ಯ ಶಕ್ತಿಗಳೆಲ್ಲ ಶುರುವಿನಲ್ಲೇ ಸಿಗುತ್ತವೆ, ಕತ್ತಿಗಳು ಮುರಿಯುತ್ತಲೇ ಇರುತ್ತವೆ. ಊರೆಲ್ಲ ಹೊಗಳಿದರೂ ನನಗೆ ರುಚಿಸಲಿಲ್ಲ. ಆದರೆ ಆಡಿ ನೋಡಿಯೇ ಹೇಳುತ್ತಿದ್ದೇನೆ. 2001ರಲ್ಲಿ ಇನ್ನೊಂದು ಜೆಲ್ಡಾ ಗೇಮ್ ವಿಂಡ್ ವೇಕರ್‌ನ ಕಾರ್ಟೂನ್ ರೂಪ ಕಂಡು, ಆಡುವ ಮೊದಲೇ ಬೈದವರು ಬಹಳ. ಇವತ್ತು ಆ ಚಿತ್ರಶೈಲಿಗೇ ಅದನ್ನು ಮೆಚ್ಚುತ್ತಾರೆ.

ಉತ್ತರ: ಹಳೇ ಯಾಕುಜಾ ಥರದ ಹೊಡೆದಾಟವೇ ಬೇಕಿದ್ದರೆ ಆ ಸರಣಿ ಮಾಡಿದ ಸ್ಟುಡಿಯೋದ್ದೇ ಜಡ್ಜ್‌ಮೆಂಟ್, ಲಾಸ್ಟ್ ಜಡ್ಜ್‌ಮೆಂಟ್ ಇವೆ. ಲೈಕ್ ಎ ಡ್ರ್ಯಾಗನ್ ಶುರು ಮಾಡಿದರೆ 12ನೇ ಅಧ್ಯಾಯದ ಬಾಸ್‌ಗೆ (ದೊಡ್ಡ ಎದುರಾಳಿಗೆ) ಮೊದಲು ಗೇಮ್‌ನೊಳಗಿನ ಸೋಟೆನ್‌ಬೋರಿ ಅನ್ನುವ ಊರಿನ ಅಖಾಡದಲ್ಲಿ ಲೆವೆಲ್ ಏರಿಸಿಕೊಳ್ಳಿ. ಆ ಬಾಸ್ ಹತ್ತಿರ ಆಟ ಏಕಾಏಕಿ ಕಷ್ಟವಾಗುತ್ತದೆ, ಎಷ್ಟೋ ಜನ ಕೈಬಿಡುವುದು ಅಲ್ಲೇ.